ಮೀನಿನ ಬಾಲದ ಎತ್ತು

ಕಿಟಕಿಯಿಂದ ಹಸಿ ಎರೆಮಣ್ಣಿನ ವಾಸನೆ ಬಂತು. ಕಂಪ್ಯೂಟರಿನಲ್ಲಿ ಎತ್ತಿಗೆ ರೆಕ್ಕೆ ಬಿಡಿಸುತ್ತಿದ್ದ ನನ್ನ ಕೈ ನಿಂತಿತು.

ಅಮ್ಮಿನಬಾವಿಯ ಅಜ್ಜಿಯ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳೆಲ್ಲ ಕೂತು ಎರೆಮಣ್ಣಿನಲ್ಲಿ ಪೂಜೆಯ ಎತ್ತು ಮಾಡುತ್ತಿದ್ದೆವು. ಒಮ್ಮೆ ನನ್ನ ಎತ್ತಿಗೆ ಮೀನಿನ ಬಾಲ ಬಂತು. ಎಲ್ಲರೂ ನಕ್ಕರು. ನಾಚಿಕೆ ತಾಳದೆ ಅದನ್ನು ಹಿಸುಕಲು ಹೊರಟೆ. ಅಜ್ಜಿ ಕೈ ಹಿಡಿದಳು.

“ಇರ್ಲಿ ಬಿಡವಾ. ಹಳ್ಳ ಬಂದ್ರ ಇದೊಂದ ಈಸಿ ದಂಡಿ ಸೇರ್ತೈತಿ.”

ಅದನ್ನೂ ದೇವರ ಜಗುಲಿಯ ಮೇಲೆ ಉಳಿದ ಎತ್ತುಗಳ ಜೊತೆಗಿಟ್ಟು ಹೂ ಏರಿಸಿದಳು. ಆರತಿ ಮುಗಿಯುವವರೆಗೆ ನಾನು ಕಂಬದ ಹಿಂದಿದ್ದೆ.

ಈಗ ಇಂಥ ವಿಚಿತ್ರ ಚಿತ್ರಗಳಿಂದಲೇ ಜನ ನನ್ನನ್ನು ಗುರುತಿಸುತ್ತಾರೆ. ಆದರೂ ಚಹಾ ತಂದ ಅವ್ವ ಬಗ್ಗಿ ನೋಡಿದಾಗ ಪರದೆಗೆ ಕೈ ಅಡ್ಡ ಹಿಡಿದೆ.

“ಮುಚ್ಚಬ್ಯಾಡವಾ,” ಅಂದಳು ಅವ್ವ. “ಕೈ ಹಿಡ್ಯಾಕ ಈಗ ನಿಮ್ಮಜ್ಜಿ ಇಲ್ಲ.”