ಶೇಷ ಉಳಿಸದ ಸಂಖ್ಯೆ
ಕೆನಡಾದ ನಮ್ಮ ಸ್ಯಾಸ್ಕಟೂನ್ ಊರಿನ ಲೈಬ್ರರಿಯಲ್ಲಿ ಗಣಿತಕೂಟ ನಡೆಸುವ ವರ್ನಾ ಮೇಡಂಗೆ, ಬೋರ್ಡಿನ ಮೇಲೆ ಇಪ್ಪತ್ತು ವರ್ಷದಿಂದ ಅಳಿಸದೆ ಉಳಿಸಿಕೊಂಡಿರುವ 7,20,720 ಎಂಬ ಸಂಖ್ಯೆ ಮನೆಮಗಳಿದ್ದಂತೆ. ಬೇರೆಯವರು ಮೊಮ್ಮಕ್ಕಳನ್ನು ಹೊಗಳಿದರೆ ಇವರು ಅದನ್ನು ಹೊಗಳುತ್ತಾರೆ: “ಒಂದರಿಂದ ಹದಿನಾರರವರೆಗೆ ಯಾವುದರಿಂದ ಬೇಕಾದ್ರೂ ಭಾಗಿಸಿ, ಶೇಷ ಉಳಿದ್ರೆ ಕೇಳಿ!” ನಾವೂ ಹದಿನಾರೇ ಜನ, ಒಬ್ಬೊಬ್ಬರಿಗೂ ಒಂದೊಂದು ನಂಬರು, ಪ್ರತಿ ಶನಿವಾರ ನಮ್ಮ ನಮ್ಮ ನಂಬರಿನಿಂದ ಅದನ್ನು ಭಾಗಿಸಿದ ಮೇಲೇ ನಮಗೆ ಕಾಫಿ. ಕಳೆದ ವಾರ, ನೆಲ ಒರೆಸುವ ಟಾರಸ್ ಎಂದಿನಂತೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದಾಗ, ಮೇಡಂ ಒಳಗೆ ಕರೆದರು. “ಬೇಡ ಮೇಡಂ, ನಾನು ಹದಿನೇಳನೆಯವನಾಗ್ತೀನಿ. ಭಾಗಿಸಿ ನೋಡ್ದೆ, ಐದು ಉಳಿಯುತ್ತೆ,” ಅಂದ. ಮೇಡಂ ತಮ್ಮ ಮುದ್ದಿನ ಸಂಖ್ಯೆಯನ್ನು ಅಳಿಸಿ, ಅದನ್ನು ಹದಿನೇಳರಿಂದ ಗುಣಿಸಿ, 1,22,52,240 ಎಂದು ಬರೆದರು. “ಕೂತ್ಕೊಳ್ಳಪ್ಪಾ. ಇದನ್ನ ಹದಿನೆಂಟರಿಂದ್ಲೂ ಭಾಗಿಸಬಹುದು. ಮುಂದಿನ ವಾರ ಹೆಂಡ್ತೀನೂ ಕರ್ಕೊಂಡು ಬಾ.”