ಮುಖ ಚಂದಿಲ್ಲದ ಎಂಜಿನ್

ನಾನು ಹಾವೇರಿಯಿಂದ ರಾಣೆಬೆನ್ನೂರಿಗೆ ದಿನಾಲೂ ರೈಲಿನಲ್ಲಿ ಅಪ್ ಡೌನ್ ಮಾಡುವವಳು. ಅಲ್ಲಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗ ಉಳಿದವರ ಕಣ್ಣು ಖಾಲಿ ಸೀಟಿರುವ ಡಬ್ಬಿ ಹುಡುಕುತ್ತದೆ. ನನ್ನ ಕಣ್ಣು ಎಂಜಿನ್ನಿನ ಮೇಲೆ ಇರುತ್ತಿತ್ತು. ಈಗ ಇರುವುದಿಲ್ಲ. ಯಾಕೆ ಹಾಗಾಯಿತು ಎಂಬುದನ್ನು ಒಮ್ಮೆ ಬರೆದು ಮುಗಿಸಬೇಕು ಅನ್ನಿಸಿದೆ.

ಎಂಜಿನ್ನಿನ ಹುಚ್ಚು ಹಿಡಿಸಿದವನು ಅಪ್ಪ. ಅವನು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಸಣ್ಣವಳಿದ್ದಾಗ ರವಿವಾರ ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆಂದು ನನ್ನನ್ನು ಕರೆದುಕೊಂಡು ಹೊರಡುತ್ತಿದ್ದ. ಅದಕ್ಕೆ ಬ್ಯಾಡಗಿಯಲ್ಲಿ ಇಳಿಯಬೇಕು, ಆದರೆ ಎಂಜಿನ್ ನೋಡುತ್ತ ನಾವು ಆ ಸ್ಟೇಷನ್ ದಾಟಿ ಮುಂದೆ ಹೋದದ್ದು ಕಡಿಮೆ. ಸಂಜೆ ಮನೆಗೆ ಬಂದು ಅವ್ವನಿಗೆ, "ದರ್ಶನ ಭಾಳ ಚಂದಾತು," ಎನ್ನುತ್ತಿದ್ದ. ಅವ್ವ ನನ್ನ ಅಂಗಿಯ ಮೇಲಿನ ಮಸಿ ನೋಡಿ ಅದನ್ನು ಬಿಚ್ಚಿಸಿ ಒಗೆಯಲು ಹಾಕುತ್ತಿದ್ದಳು.

ಆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಎಂಜಿನ್ ದಿಟ್ಟಿಸುತ್ತಿದ್ದ ಇನ್ನೊಬ್ಬರು ಅಪ್ಪನ ಗೆಳೆಯರಾದರು. ಬ್ಯಾಡಗಿ ಪೇಟೆಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಜೇಬಿನಿಂದ ಕರ್ಚೀಫು ತೆಗೆದು ಕೊಡವಿದರೆ ಪಕ್ಕದವರು ಸೀನುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ಅವರೇ. ಆಮೇಲೆ ರಾಣೆಬೆನ್ನೂರಿನ ಬೀಜದಂಗಡಿಯವರೊಬ್ಬರು, ಹಾವೇರಿಯ ನಿವೃತ್ತ ಮಾಸ್ತರರೊಬ್ಬರು ಕೂಡಿಕೊಂಡರು. ಫೋನಿನಲ್ಲಿ ಗ್ರೂಪ್ ಆಯಿತು, ಹುಬ್ಬಳ್ಳಿ, ದಾವಣಗೆರೆಯ ಮಂದಿಯೂ ಸೇರಿದರು. ಅಷ್ಟು ಜನರಲ್ಲಿ ಹೆಣ್ಣು ನಾನೊಬ್ಬಳೇ.

ಬಹಳ ಕಾಲ ನಮ್ಮ ವಾದವೆಲ್ಲ ಚಂದದ ಎಂಜಿನ್ ಯಾವುದು ಎಂಬುದರ ಮೇಲೆ ನಡೆಯಿತು. ಎಲ್ಲರೂ ಯಾವುದೋ ಹಳೆಯ ಡೀಸೆಲ್‌ನ ಹೆಸರು ಹೇಳಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ಒಂದು ರವಿವಾರ ಗಿರ್ಮಿಟ್ ತಿನ್ನುತ್ತ ಕೂತಾಗ ಕಾಕಾ ಅಂದರು, "ಚಂದಂದು ಬಿಡ್ರಿ. ಎಲ್ಲಾಕಿಂತ ಹೊಲಸು ಎಂಜಿನ್ ಯಾವುದು, ಅದನ್ನ ಹೇಳ್ರಿ ನೋಡೋಣು." ಅಂದಿನಿಂದ ಗ್ರೂಪಿಗೆ ಜೀವ ಬಂತು. ಐದು ಊರಿನ ಸಂಭಾವಿತರು ಬೆಳಗಿನ ಚಹಾ ಕುಡಿಯುವ ಮೊದಲೇ ಫೋನ್ ಹಿಡಿದು ಯಾವುದಾದರೊಂದು ಎಂಜಿನ್ನನ್ನು ಹೀಯಾಳಿಸತೊಡಗಿದರು.

ಮಾಸ್ತರರ ಪ್ರಕಾರ, ಒಂದೇ ಕಡೆ ಡ್ರೈವರ್ ಕೋಣೆ ಇದ್ದ ಡೀಸೆಲ್ ಎಂಜಿನ್ನೇ ಕುರೂಪಿ. ತಿರುಗಿಸದೆ ಗಾಡಿಗೆ ಜೋಡಿಸಿದರೆ ಅದು ತನ್ನ ಉದ್ದನೆಯ ಬೆನ್ನನ್ನೇ ಮುಂದೆ ಮಾಡಿಕೊಂಡು ಓಡುತ್ತಿತ್ತು. "ಮದುವಿ ಮನಿಯೊಳಗ ಹಿಂದಮುಂದಾಗಿ ನಡದಂಗ," ಎನ್ನುತ್ತಿದ್ದರು. ಬೀಜದಂಗಡಿಯವರಿಗೆ ಆಮೇಲೆ ಬಂದ ಎರಡು ಕೋಣೆಯ ಎಂಜಿನ್ ಕಂಡರಾಗುತ್ತಿರಲಿಲ್ಲ. ಎರಡನೆಯ ಕೋಣೆಯನ್ನು ತಗಡಿನ ಡಬ್ಬಿಯ ಹಾಗೆ ತಂದು ಅಂಟಿಸಿದ್ದಾರೆ ಎಂಬುದು ಅವರ ತಕರಾರು. ನಾನು ಅದರ ಪರ ವಾದಿಸುತ್ತಿದ್ದೆ. ಯಾವ ಕಡೆ ಹೊರಟರೂ ಡ್ರೈವರ್‌ಗೆ ಮುಂದಿನ ಹಳಿ ಕಾಣುತ್ತದೆ, ಅಷ್ಟಾದರೆ ಸಾಲದೇ? ಅಪ್ಪನ ಸಿಟ್ಟು ಎಂಜಿನ್ನಿನ ಮೇಲಲ್ಲ, ಅದರ ಮೈತುಂಬ ಸಿಮೆಂಟಿನ, ಚಹಾಪುಡಿಯ ಜಾಹೀರಾತು ಅಂಟಿಸುವವರ ಮೇಲೆ.

ಕಾಕಾ ಮಾತ್ರ ಮುಖ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ನಮ್ಮ ಹಳಿಯ ಮೇಲೆ ಕರೆಂಟಿನ ತಂತಿ ಬಂದ ನಂತರ ಗೂಡ್ಸ್ ಎಳೆಯಲು ಬಂದ ಎಲೆಕ್ಟ್ರಿಕ್ ಎಂಜಿನ್ ಅವರ ಬಾಯಿಗೆ ಸಿಕ್ಕಿತು. "ಹಣಿ ಹಿಂದ ಜಾರೇತಿ, ದವಡಿ ಮುಂದ ಬಂದೈತಿ. ಪೈಲ್ವಾನನ ತಂಗಿ ಇದ್ದಂಗ ಐತಿ ನೋಡ್ರಿ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ದವಡೆಯೂ ಅಗಲ. ಅಪ್ಪನದೇ ಮುಖ ನನಗೆ ಬಂದಿದೆ. ಅವನಿಗೆ ಅದು ಒಪ್ಪುತ್ತದೆ, ನೋಡಿದವರು ಗಟ್ಟಿ ಮನುಷ್ಯ ಎನ್ನುತ್ತಾರೆ. ಆ ರವಿವಾರ ಅದೊಂದೂ ನನ್ನ ತಲೆಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಕಾಕಾ ತಾವಾಗಿಯೇ ನಮ್ಮ ಮನೆಗೆ ಬಂದರು. ಅವರ ಮಗ ತಂದೆಯ ಅಂಗಡಿಯನ್ನೇ ನೋಡಿಕೊಳ್ಳುತ್ತಿದ್ದ. "ಹುಡುಗಿ ನನ್ನ ಕಣ್ಣ ಮುಂದ ಬೆಳದಾಳ. ಮತ್ತ ಹೊರಗ ಯಾಕ ಹುಡುಕೂದು? ನಮ್ಮವಗ ಕೊಟ್ಟಬಿಡ್ರಿ," ಅಂದರು. ಅಪ್ಪ ಎದ್ದು ಅವರ ಎರಡೂ ಕೈ ಹಿಡಿದುಕೊಂಡ. ಅವ್ವ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮೂವತ್ತು ದಾಟಿತ್ತು; ಅಲ್ಲಿಯವರೆಗೆ ಬಂದವರೆಲ್ಲ ಒಂದಿಲ್ಲೊಂದು ನೆಪ ಹೇಳಿ ಹೋಗಿದ್ದರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹುಡುಗನನ್ನು ನಾನು ಸರಿಯಾಗಿ ನೋಡಿರಲಿಲ್ಲ. ಆದರೆ ರವಿವಾರ ಸೊಸೆಯೊಬ್ಬಳು ಕ್ಯಾಮೆರಾ ಹಿಡಿದು ಹಳಿಯ ಪಕ್ಕ ನಿಲ್ಲುತ್ತಾಳೆ ಎಂದರೆ ಅದಕ್ಕೆ ಕಾರಣ ಕೇಳದ ಮನೆ ಈ ಸೀಮೆಯಲ್ಲಿ ಇನ್ನೊಂದು ಸಿಗಲಾರದು ಎಂದುಕೊಂಡಿದ್ದೆ.

ಕಾಕಾ, ಅವರ ಹೆಂಡತಿ, ಮಗ ಮೂವರೂ ಕನ್ಯೆ ನೋಡಲು ಬಂದರು. ನಾನು ಶಿರಾ, ಉಪ್ಪಿಟ್ಟು ತಂದಿಟ್ಟೆ. ಕಾಕಾನ ಹೆಂಡತಿ, "ಬಾಗಲ ಕಡೆ ಬಾರವಾ, ಬೆಳಕಿನ್ಯಾಗ ಕುಂದ್ರು," ಅಂದರು. ಕುಂತೆ. ಹುಡುಗ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಫೋನಿಗೆ ಕಣ್ಣಿಳಿಸಿದ. ನನಗೆ ವಿಚಿತ್ರವೆನಿಸಿದ್ದು ಕಾಕಾ. ಬಿಸಿಲಲ್ಲಿ, ಧೂಳಿನಲ್ಲಿ ಅಷ್ಟು ವರ್ಷ ನೋಡಿದ ನನ್ನ ಮುಖವನ್ನು ಅಂದು ಹೊಸದಾಗಿ ನೋಡಿದರು. ಮೊದಲು ಎದುರಿನಿಂದ. ಆಮೇಲೆ ನಾನು ಚಹಾ ಕೊಡಲು ತಿರುಗಿದಾಗ ಪಕ್ಕದಿಂದ. ಆ ನೋಟದ ಗುರುತು ನನಗಿತ್ತು.

ಅಪ್ಪ ಹುರುಪಿನಲ್ಲಿ, "ಇವತ್ತ ಯಾವ ಎಂಜಿನ್ ಬಂದಿತ್ತರಿ ಗಾಡಿಗೆ?" ಎಂದು ಕೇಳಿದ.

"ಇವತ್ತ ಅದು ಬ್ಯಾಡ ಬಿಡ್ರಿ," ಅಂದರು ಕಾಕಾ.

ಬಹಳ ದಿನ ಉತ್ತರ ಬರಲಿಲ್ಲ. ಕೊನೆಗೆ ಅಪ್ಪನೇ ಫೋನ್ ಮಾಡಿದಾಗ ಜಾತಕ ಕೂಡಿಲ್ಲ ಎಂದರು. ಅಪ್ಪ ನಂಬಿದ. ನಾನೂ ನಂಬಲು ಪ್ರಯತ್ನಪಟ್ಟೆ. ಅಷ್ಟರಲ್ಲಿ ಗ್ರೂಪಿನಲ್ಲಿ ಅತಿ ಕುರೂಪದ ಎಂಜಿನ್ನಿಗೆ ವೋಟು ಹಾಕುವ ಏರ್ಪಾಡು ಶುರುವಾಗಿತ್ತು, ದಿನವಿಡೀ ಅದರದೇ ಗದ್ದಲ. ಒಂದು ಬೆಳಿಗ್ಗೆ ನನ್ನ ಗಾಡಿ ಬ್ಯಾಡಗಿ ಬಿಟ್ಟು ಸ್ವಲ್ಪ ದೂರ ಬಂದಿತ್ತು; ಗ್ರೂಪಿಗೆ ಕಾಕಾನ ಧ್ವನಿ ಸಂದೇಶವೊಂದು ಬಂತು. ವೋಟಿನ ಮಾತಿರಬೇಕು ಎಂದು ಇಯರ್‌ಫೋನ್ ಹಾಕಿಕೊಂಡೆ. ಅವರು ಬೀಜದಂಗಡಿಯವರಿಗೆ ಕಳಿಸಹೋಗಿ ಗ್ರೂಪಿಗೆ ಹಾಕಿದ್ದರು.

"ಏ ದೋಸ್ತ, ಜಾತಕಾ ಗೀತಕಾ ಏನಿಲ್ಲಪಾ. ನಮ್ಮ ಹುಡುಗ ಒಂದ ಸಲ ನೋಡಿದವನ, ಅಪ್ಪಾ ಇದು ಗೂಡ್ಸ್ ಎಂಜಿನ್ ಐತಿ, ಪ್ಯಾಸೆಂಜರ್ ಗಾಡಿಗೆ ನಡಿಯೂದಿಲ್ಲ ಅಂದಬಿಟ್ಟ. ಆ ದವಡಿ ನೋಡೀಯಲ್ಲ ನೀ? ನಾನರ ಏನ್ ಮಾಡ್ಲಿ, ಜಾತಕಾ ಅಂತ ಹೇಳಿ ಜಾರಿಕೊಂಡೆ." ಕೊನೆಗೆ ನಗು. ಗಿರ್ಮಿಟ್ ತಿನ್ನುತ್ತ ನಗುತ್ತಿದ್ದ ಅದೇ ನಗು.

ನಾನು ರಾಣೆಬೆನ್ನೂರಲ್ಲಿ ಇಳಿಯುವುದರೊಳಗೆ ಸಂದೇಶ ಅಳಿಸಿಹೋಗಿತ್ತು. ಅಂದು ಲ್ಯಾಬಿಗೆ ಬಂದವರ ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕಿ ರಕ್ತ ತೆಗೆದೆ.  ಮಾಸ್ಕ್ ಹಾಕಿಕೊಂಡು ಮಾಡುವ ಕೆಲಸ ಇದು ಎಂದು ಮೊದಲ ಬಾರಿಗೆ ಸಮಾಧಾನವಾಯಿತು. ಮರುಕ್ಷಣ ಆ ಸಮಾಧಾನದ ಮೇಲೇ ಹೇಸಿಗೆ ಬಂತು.

ಅಪ್ಪನಿಗೆ ಕಿವಿ ಮಂದ. ಫೋನಿಗೆ ಬಂದದ್ದನ್ನೆಲ್ಲ ಪೂರ್ತಿ ದನಿ ಏರಿಸಿ ಕೇಳುತ್ತಾನೆ. ಅಂದು ಬೆಳಿಗ್ಗೆ ಕಾಕಾನ ಸಂದೇಶವನ್ನೂ ಅದು ಅಳಿಯುವ ಮೊದಲೇ ಹಾಗೆ ಹಾಕಿದ್ದ; ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಅವನ ಹಿಂದೆ ನಿಂತು ಕೇಳಿದ್ದಳು. ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆ, "ಅವನ ಬಾಯಾಗ ಅವನ ಮೆಣಸಿನಕಾಯಿನ ತುರುಕಬೇಕು," ಅಂದಳು. ಅಪ್ಪ ಅಂಗೈಯಿಂದ ತನ್ನ ದವಡೆ ಸವರಿಕೊಳ್ಳುತ್ತ ಕೂತಿದ್ದ. ತನಗೆ ಗೊತ್ತಿಲ್ಲದೆ ಹಾಗೆ ಮಾಡುತ್ತಿದ್ದನೋ ಏನೋ.

ನಾನು ಗ್ರೂಪಿನಲ್ಲಿ ಬರೆದೆ: "ಕಾಕಾ, ನೀವು ಅಳಿಸಿದ್ದನ್ನು ನಾನು ಕೇಳಿದ್ದೇನೆ. ಅಪ್ಪ, ಅವ್ವನೂ ಕೇಳಿದ್ದಾರೆ." ಓದಿದವರ ಗುರುತುಗಳು ಒಂದೊಂದಾಗಿ ಬಿದ್ದವು.  ಮರುದಿನ ದಾವಣಗೆರೆಯವರೊಬ್ಬರು ಸೂರ್ಯೋದಯದಲ್ಲಿ ಬರುತ್ತಿರುವ ಎಂಜಿನ್ನಿನ ಫೋಟೋ ಹಾಕಿದರು. ಅದರ ಕೆಳಗೆ ಎಲ್ಲರೂ ಹೂವು, ಹೆಬ್ಬೆರಳು ಸುರಿದರು. ಮಾಸ್ತರರು ಮಾತ್ರ ಫೋನ್ ಮಾಡಿದರು.

"ದೊಡ್ಡದು ಮಾಡಬ್ಯಾಡವಾ. ಗಂಡಸರು ಕೂಡಿದಾಗ ಏನೋ ಒಂದ ತಮಾಷಿ ಮಾತಾಡ್ತಾರ."

"ಸರ್, ನಿಮ್ಮ ಮಗಳಿಗೆ ಅಂದಿದ್ರ?"

"ಅದಲ್ಲವಾ ಮಾತು…" ಎಂದು ತಡವರಿಸಿ, "ನೀ ವೋಟ್ ಹಾಕಿಲ್ಲ ನೋಡು ಇನ್ನೂ," ಅಂದರು. ನಾನು ಫೋನ್ ಇಟ್ಟು ಗ್ರೂಪ್ ಬಿಟ್ಟೆ. ವೋಟಿನಲ್ಲಿ ಯಾವುದು ಗೆದ್ದಿತೋ ನಾನು ಕೇಳಲಿಲ್ಲ.

ಆ ರವಿವಾರ ಅಪ್ಪ ಎಂದಿನಂತೆ ಅಂಗಿಗೆ ಇಸ್ತ್ರಿ ಮಾಡಿಕೊಂಡು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಲ್ಲಿಗೆ ಹೊಂಟೀಯೇನಪ್ಪಾ?"

"ಹೋಗದ ಕುಂತ್ರ ಅವಾ ಅಂದದ್ದು ನಮ್ಮ ಮನಸ್ಸಿಗೆ ಹತ್ತೇತಿ ಅಂತ ಆಗ್ತದ."

"ಹತ್ತಿಲ್ಲೇನು ನಿನಗ?"

ಅಪ್ಪ ನನ್ನ ಮುಖ ನೋಡದೆ, "ನನಗ ಮತ್ಯಾರ ಅದಾರವಾ ಮಾತಾಡಾಕ?" ಅಂದ. ನಾನು ಸರಿದೆ. ಅವನು ಹೋದ. ಕಾಕಾ ಅಂದದ್ದಕ್ಕೆ ನಾನು ಅತ್ತಿರಲಿಲ್ಲ. ಅಪ್ಪನ ಬೆನ್ನು ನೋಡಿ ಅತ್ತೆ. ಸಂಜೆ ಬಂದವನು ನೇರ ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡ. ಅವ್ವ ಅವನಿಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಬ್ಯಾಡಗಿಯಲ್ಲಿ ಕಾಕಾ ನನ್ನ ಡಬ್ಬಿಗೇ ಹತ್ತಿದರು. ನನ್ನನ್ನು ಕಂಡು ಒಂದು ಕ್ಷಣ ತಡೆದರು, ಆಮೇಲೆ ನಕ್ಕು ಎದುರಿಗೇ ಬಂದು ಕೂತರು. "ಏನವಾ, ಗ್ರೂಪ್ ಬಿಟ್ಟೆಲ್ಲ? ನಿನ್ನ ಫೋಟೋ ಇಲ್ಲದ ಬಿಕೋ ಅನ್ನಾಕತ್ತೇತಿ."

ಎಷ್ಟೋ ದಿನದಿಂದ ತಯಾರು ಮಾಡಿಟ್ಟ ಮಾತುಗಳಿದ್ದವು. ಒಂದೂ ಬರಲಿಲ್ಲ. "ಕಾಕಾ, ನನ್ನ ದವಡಿ ಬಗ್ಗೆ ಅಂದಿದ್ರೆಲ್ಲ, ಅದನ್ನ ಇಲ್ಲೇ ಇನ್ನೊಮ್ಮೆ ಅನ್ರಿ. ಎಲ್ಲಾರೂ ಕೇಳ್ಲಿ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು.

"ಏ ಹಂಗಲ್ಲವಾ, ಅದು ಎಂಜಿನ್ ಬಗ್ಗೆ ಅಂದದ್ದು…"

"ಎಂಜಿನ್ನಿನ ಜಾತಕ ಕೇಳಿದ್ರೇನು ನೀವು?"

ಅವರ ಮುಖ ಕೆಂಪಾಯಿತು. ಎದ್ದು ಬಾಗಿಲ ಕಡೆ ಹೋಗಿ ನಿಂತರು, ರಾಣೆಬೆನ್ನೂರು ಬರುತ್ತಿದ್ದಂತೆ ಇಳಿದು ತಿರುಗಿ ನೋಡದೆ ನಡೆದರು. ನಾನೂ ಇಳಿಯಲು ಎದ್ದು, ಗೆದ್ದೆ ಎಂದುಕೊಂಡು ತಲೆ ಎತ್ತಿದೆ. ಡಬ್ಬಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ದಿನಾ ನನ್ನ ಜೊತೆ ಊಟದ ಡಬ್ಬಿ ಬಿಚ್ಚುವ ಹೆಂಗಸರೂ. ಎಲ್ಲರ ಕಣ್ಣೂ ನನ್ನ ದವಡೆಯ ಮೇಲಿತ್ತು. ಅದು ಹೌದೋ ಅಲ್ಲವೋ ಎಂದು ಅಳೆದು ನೋಡುತ್ತಿದ್ದರು. ನಾನೇ ಕೂಗಿ ಹೇಳಿರದಿದ್ದರೆ ಅವರ್ಯಾರೂ ಅದನ್ನು ನೋಡುತ್ತಿರಲಿಲ್ಲ.

ಕಾಕಾನ ಮಗನ ಮದುವೆ ಹರಿಹರದ ಹುಡುಗಿಯೊಂದಿಗೆ ಆಯಿತು. ಅಪ್ಪ ಹೋಗಿ ಉಂಡು ಬಂದ. ಹುಡುಗಿ ಹೇಗಿದ್ದಾಳೆ ಎಂದು ಅವ್ವ ಕೇಳಿದಳು, ಕೇಳಬಾರದಿತ್ತು. "ಬೆಳ್ಳಗ ಅದಾಳ," ಅಂದ ಅಪ್ಪ. ನನಗೆ ಆಮೇಲೂ ಒಂದೆರಡು ಕಡೆಯಿಂದ ಕೇಳಿ ಬಂದರು. ಬೆಳಕಿಗೆ ಕುಂದ್ರಲು ನಾನು ಒಪ್ಪಲಿಲ್ಲ.

ಈಗ ನಾನು ಗಾಡಿಯ ಹಿಂದಿನ ತುದಿಯ ಡಬ್ಬಿಗೆ ಹತ್ತುತ್ತೇನೆ. ಮನೆಯಿಂದ ಹಳಿ ದೂರವಿಲ್ಲ. ಅಪ್ಪ ಬ್ಯಾಡಗಿಗೆ ಹೋಗದ ರವಿವಾರ ಮಧ್ಯಾಹ್ನ ಉಣ್ಣುವಾಗ ಗಾಡಿ ಕೂಗುತ್ತದೆ. ಆ ಕೂಗಿನ ಮೇಲಿಂದಲೇ ಎಂಜಿನ್ ಯಾವುದೆಂದು, ಕಿವಿ ಮಂದವಾದರೂ, ಅಪ್ಪನಿಗೂ ತಿಳಿಯುತ್ತದೆ, ನನಗೂ ತಿಳಿಯುತ್ತದೆ. ಅಪ್ಪ ಬಾಯಿ ತೆರೆಯುತ್ತಾನೆ. ಆಮೇಲೆ ನನ್ನ ಕಡೆ ನೋಡಿ, ಸಾರು ಹಾಕು ಎನ್ನುತ್ತಾನೆ. ನಾನು ಹಾಕುತ್ತೇನೆ.