ಷೋಕೇಸಿನೊಳಗಿನ ಗುಂಕಾರ

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲೆಲ್ಲಿ ಹುಳುಕಿದೆ ಎಂದು ವರದಿ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಗುಣ ಸಂಜೆ ಚಪ್ಪಲಿಯ ಜೊತೆ ಬಾಗಿಲಲ್ಲಿ ಕಳಚಿಡುವಂಥದ್ದಲ್ಲ. ಸಾರಿಗೆ ಉಪ್ಪು ಕಡಿಮೆ ಎಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ನನಗೆ. ಅದನ್ನು ಬಾಯಿಬಿಟ್ಟು ಹೇಳಬಾರದು ಎಂದು ಗೊತ್ತಾಗುವುದಕ್ಕೆ ಮಾತ್ರ ಮದುವೆಯಾಗಿ ಕೆಲವು ವರ್ಷ ಹಿಡಿಯಿತು.

ಇಂಥ ನಾನು ಒಂದು ಟರ್ನ್‌ಟೇಬಲ್, ಅಂದರೆ ಗ್ರಾಮಫೋನ್ ರೆಕಾರ್ಡು ಹಾಕುವ ಯಂತ್ರ, ಕೊಂಡುತಂದೆ. ತಂದದ್ದು ಮಾವನವರಿಗಾಗಿ. ಅವರು ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದಾಗಿನವರು. ಹರೆಯದಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವರು, ಆಮೇಲೆ ಮಹದೇವಪುರದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ನಿವೃತ್ತರಾದವರು. ನಾಟಕದ ಹಾಡುಗಳ ರೆಕಾರ್ಡುಗಳನ್ನು ಅವರು ‘ಪ್ಲೇಟು’ ಎನ್ನುತ್ತಾರೆ. ಹಳೆಯ ಯಂತ್ರ ಕೆಟ್ಟ ಮೇಲೆ ಆ ಪ್ಲೇಟುಗಳು ಸಜ್ಜೆ ಸೇರಿ ಎಷ್ಟೋ ಕಾಲವಾಗಿತ್ತು. ಹೊಸದು ಬಂದ ದಿನ ಅವರು ತಮ್ಮ ಪಂಚೆಯ ಅಂಚಿನಿಂದಲೇ ಒಂದೊಂದನ್ನೂ ಒರೆಸಿದರು. ಹಾಗೆ ಒರೆಸಬಾರದು ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದದ್ದು, ಅವರ ಮುಖ ನೋಡಿ ಒಳಗೆ ಹೋಯಿತು.

ನಡುಮನೆಯ ಮರದ ಷೋಕೇಸಿನ ಮೇಲೆ ನಡುವೆ ಟರ್ನ್‌ಟೇಬಲ್, ಅಕ್ಕಪಕ್ಕ ಎರಡು ಸ್ಪೀಕರು. ದೇವರ ಆಚೀಚೆ ದೀಪದ ಕಂಬ ಇಟ್ಟಹಾಗೆ ಬಹಳ ಲಕ್ಷಣವಾಗಿ ಕಾಣುತ್ತಿತ್ತು. ಹಾಡು ಶುರುವಾಯಿತು. ಮೃದಂಗ ಬಂತು. ಹಿಂದೆಯೇ, ಯಾರೂ ಕರೆಯದ ನೆಂಟನ ಹಾಗೆ, ‘ಗುಂ’ ಎಂಬ ಸದ್ದು ಬಂತು. ಬಂದದ್ದು ಹೋಗಲಿಲ್ಲ, ಬೆಳೆಯಿತು. ಷೋಕೇಸಿನ ಗಾಜಿನ ಹಿಂದಿದ್ದ ಪಿಂಗಾಣಿ ಬಟ್ಟಲುಗಳೆಲ್ಲ ಕಿಣಿಕಿಣಿ ಎಂದವು.

ಅಡುಗೆಮನೆಯಿಂದ ಅತ್ತೆ ಬಂದರು. “ಏನಮ್ಮಾ ಸುಮಾ ಇದು, ಭೂಮಿ ನಡುಗ್ದಂಗೆ? ನನ್ ಬಟ್ಲು ಒಂದು ಒಡೀಲಿ, ಇದೂ ಸಜ್ಜೆ ಮೇಲಕ್ ಓಗ್ತದೆ, ನೋಡ್ತಿರು.”

ಅತ್ತೆ ಸುಮ್ಮನೆ ಬೆದರಿಸುವವರಲ್ಲ. ವ್ಯಾಯಾಮದ ಸೈಕಲ್ಲೊಂದು ಆಗಲೇ ಸಜ್ಜೆಯ ಮೇಲಿತ್ತು.

ನಾನು ತನಿಖೆಗೆ ಇಳಿದೆ. ಮೊದಲ ಅನುಮಾನ ರಸ್ತೆಯ ಮೇಲೆ. ರಿಂಗ್ ರೋಡಿನ ಲಾರಿಗಳೇ ನೆಲ ನಡುಗಿಸುತ್ತಿರಬೇಕು ಎಂದುಕೊಂಡು, ರಸ್ತೆ ಮಲಗಿದ್ದ ಭಾನುವಾರ ಬೆಳಿಗ್ಗೆ ಹಾಕಿ ನೋಡಿದೆ. ಗುಂಕಾರ ಇನ್ನೂ ಸ್ಪಷ್ಟವಾಗಿ ಕೇಳಿತು. ಬೆಂಗಳೂರಿನಲ್ಲಿ ಏನೇ ಕೆಟ್ಟರೂ ಟ್ರಾಫಿಕ್ಕಿನ ತಲೆಗೆ ಕಟ್ಟುವ ನಮ್ಮ ಅನುಕೂಲ ಅಂದು ನನಗೆ ಒದಗಲಿಲ್ಲ. ಆಮೇಲೆ ಯಂತ್ರದ ಕಾಲುಗಳಿಗೆ ಪಾತ್ರೆ ತೊಳೆಯುವ ಸ್ಪಂಜು ಕೊಟ್ಟೆ. ಯಂತ್ರ ತೆಪ್ಪದ ಹಾಗೆ ಒಂದು ಕಡೆಗೆ ವಾಲಿ, ಸೂಜಿ ಪಲ್ಲವಿಯಿಂದ ನೇರವಾಗಿ ಮಂಗಳಕ್ಕೆ ಜಾರಿತು. ಅತ್ತೆ ಸಿಂಕಿನ ಹತ್ತಿರ ಸ್ಪಂಜು ಹುಡುಕುತ್ತಿದ್ದರು. ನಾನೂ ಅವರ ಜೊತೆ ಹುಡುಕುವವಳ ಹಾಗೆ ನಟಿಸಿದೆ.

ಕೊನೆಗೆ ಬುದ್ಧಿ ಬಂತು. ತಟ್ಟೆಯನ್ನು ತಿರುಗಿಸದೆ, ನಿಂತ ರೆಕಾರ್ಡಿನ ಮೇಲೆಯೇ ಸೂಜಿ ಇಳಿಸಿ, ಸದ್ದು ಏರಿಸಿದೆ. ಹಾಡೇ ಇಲ್ಲ, ಆದರೂ ಗುಂಕಾರ ಎದ್ದಿತು. ಷೋಕೇಸನ್ನು ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ‘ಢಬ್’ ಎಂದಿತು. ಅಂದರೆ ಸೂಜಿ ಹಾಡನ್ನಷ್ಟೇ ಅಲ್ಲ, ತಾನು ಕೂತ ಮರವನ್ನೂ ಕೇಳುತ್ತಿತ್ತು. ಸ್ಪೀಕರು ಗುಡುಗಿದರೆ ಷೋಕೇಸು ನಡುಗುತ್ತದೆ, ಆ ನಡುಕವನ್ನು ಸೂಜಿ ಹಾಡೆಂದೇ ತಿಳಿದು ಮತ್ತೆ ಸ್ಪೀಕರಿಗೆ ಒಪ್ಪಿಸುತ್ತದೆ, ಸ್ಪೀಕರು ಇನ್ನಷ್ಟು ಗುಡುಗುತ್ತದೆ. ಬೀದಿಯ ಗಾಳಿಮಾತು ಹುಟ್ಟುವುದೂ ಹೀಗೆಯೇ. ನಾನು ಹೇಳಿದ್ದೇ ಊರೆಲ್ಲ ಸುತ್ತಿ ನನ್ನ ಕಿವಿಗೆ ಬಂದಾಗ, ‘ಎಲ್ಲರೂ ಹೇಳ್ತಿದ್ದಾರೆ’ ಎಂದು ನಾನೇ ನಂಬಿ ಇನ್ನೂ ಜೋರಾಗಿ ಹೇಳುತ್ತೇನೆ.

ಕಾರಣ ತಿಳಿದ ಮೇಲೆ ಮದ್ದು ಸುಲಭ. ಕೇಳುವವನನ್ನೂ ಕೂಗುವವನನ್ನೂ ಒಂದೇ ಮಣೆಯ ಮೇಲೆ ಕೂರಿಸಬಾರದು. ಗೋಡೆಗೆ ಗಟ್ಟಿ ಹಲಗೆಯೊಂದನ್ನು ಬಿಗಿಸಿ ಟರ್ನ್‌ಟೇಬಲನ್ನು ಅಲ್ಲಿಗೆ ಏರಿಸಿದೆ, ಸ್ಪೀಕರುಗಳನ್ನು ನೆಲಕ್ಕೆ ಇಳಿಸಿದೆ. ಹಾಡು ತಿಳಿನೀರಿನಂತೆ ಬಂತು. ಬಟ್ಟಲುಗಳು ಬಾಯಿ ಮುಚ್ಚಿಕೊಂಡವು. ಅತ್ತೆ ಬಂದು ನೋಡಿ, “ಆಂ, ಈಗ ಒಂದ್ ಮನೆ ಇದ್ದಂಗೈತೆ” ಎಂದರು. ಅವರಿಂದ ಇಷ್ಟು ಬಂದರೆ ಸನ್ಮಾನವಾದಂತೆ.

ಮಾವ ಅರ್ಧ ಹಾಡು ಕೇಳಿ, ಎದ್ದು ಜಗಲಿಗೆ ಹೋದರು.

ಮಾರನೆಯ ದಿನವೂ ಹಾಗೆಯೇ. ಆ ವಾರವೆಲ್ಲ ಅವರು ಒಂದು ಪ್ಲೇಟನ್ನೂ ಮುಟ್ಟಲಿಲ್ಲ. ಚೆನ್ನಾಗಿಲ್ಲವೇ ಎಂದರೆ, “ಚೆನ್ನಾಗೈತಲ್ಲಮ್ಮಾ, ಭಾಳ ಚೆನ್ನಾಗೈತೆ” ಎನ್ನುವರು. ಸೊಸೆ ಇಷ್ಟೆಲ್ಲ ಒದ್ದಾಡಿ ಸರಿಮಾಡಿದ್ದನ್ನು ಚೆನ್ನಾಗಿಲ್ಲ ಎನ್ನುವ ಜಾತಿಯವರಲ್ಲ ಅವರು.

ಒಂದು ಸಂಜೆ ನಾನೇ ಹಾಡು ಹಾಕಿ, ಬಟ್ಟೆ ಮಡಿಸುತ್ತ ಕೂತಿದ್ದೆ. ಮಾವ ಬಂದು ಷೋಕೇಸಿನ ಪಕ್ಕ ನಿಂತರು. ಅಂಗೈಯನ್ನು ಅದರ ಮರದ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತು, ಖಾಲಿ ಕೊಡ ಮುಟ್ಟಿದವರ ಹಾಗೆ ತೆಗೆದುಬಿಟ್ಟರು.

“ಏನ್ ಮಾವ?” ಎಂದೆ.

ಅವರು ನಕ್ಕರು. “ಏನಿಲ್ಲ ಕಣಮ್ಮ. ಮೊದ್ಲು ಇಲ್ಲಿ ಕೈ ಇಟ್ರೆ ಮೃದಂಗ ಬರೋದು.”

“ಕಿವಿಗೆ ಬರಲ್ವಾ?”

“ಹಾಡೋರು ಎಲ್ಲೋ ದೂರ್ದಾಗೆ ಹಾಡ್ದಂಗೆ ಕೇಳ್ತದೆ. ತಾಳ ಇಡ್ಯಕ್ಕೆ ಆಗಲ್ಲ. ಆ ಪ್ರೆಸ್ಸಿನ ಮುಂದೆ ನಿಂತೂ ನಿಂತೂ ಕಿವಿ ಇಂಗಾಯ್ತು. ಕೈಗೆ ಏನೂ ಆಗಿಲ್ವಲ್ಲ, ಕೈಯಾಗೆ ಕೇಳ್ತಿದ್ದೆ.”

ಕೈಯಲ್ಲಿದ್ದ ಬಟ್ಟೆ ಹಾಗೇ ಉಳಿಯಿತು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಆಲಿಸುವುದು ಎಂದೂ ಅರ್ಥ, ವಿಚಾರಿಸುವುದು ಎಂದೂ ಅರ್ಥ. ನಮ್ಮ ಹಿರಿಯರು ಪದದ ಬಡತನದಿಂದ ಹೀಗೆ ಮಾಡಿರಲಾರರು. ನಾನು ಸ್ಪೀಕರನ್ನು ಕೇಳಿದ್ದೆ, ಸೂಜಿಯನ್ನು ಕೇಳಿದ್ದೆ, ಮರವನ್ನೂ ತಟ್ಟಿ ಕೇಳಿದ್ದೆ. ಹಾಡು ಯಾರಿಗಾಗಿಯೋ ಅವರನ್ನು ಮಾತ್ರ, ಅವರು ನಿಜ ಹೇಳುವ ಹಾಗೆ, ಕೇಳಿರಲಿಲ್ಲ.

“ಸರಿ ಮಾಡಿದ್ದನ್ನ ಮತ್ತೆ ಕೆಡಿಸ್ಬೇಡ ತಾಯಿ, ನಿಮ್ಮತ್ತೆ ಸುಮ್ಕಿರಲ್ಲ” ಎಂದು ಅವರು ಹೇಳುತ್ತಿರುವಾಗಲೇ ನಾನು ಒಂದು ಸ್ಪೀಕರನ್ನು ಎತ್ತಿಕೊಂಡಿದ್ದೆ. ಕಿಟಕಿಯ ಪಕ್ಕದ ದಿವಾನು ಹಳೆಯ ಮರದ್ದು, ಗೋಡೆಯ ಹಲಗೆಯಿಂದ ದೂರ. ಅದರ ಒಂದು ತುದಿಯ ಹಾಸಿಗೆ ಮಡಚಿ, ಬರಿಯ ಮರದ ಮೇಲೆ ಸ್ಪೀಕರಿಟ್ಟೆ. ಮಾವನನ್ನು ಪಕ್ಕದಲ್ಲಿ ಕೂರಿಸಿ ತಗ್ಗಿನ ನಾದ ಹೆಚ್ಚಿಸುವ ‘ಬೇಸ್’ ತಿರುಪನ್ನು ಏರಿಸಿದೆ. ಗೋಡೆಯ ಮೇಲಿನ ಸೂಜಿಗೆ ಈ ಸುದ್ದಿ ತಲುಪಲಿಲ್ಲ. ಗುಂಕಾರವಿಲ್ಲ. ಮಾವ ಅಂಗೈಯನ್ನು ದಿವಾನಿನ ಮರಕ್ಕೆ ಒತ್ತಿ ಕಣ್ಣು ಮುಚ್ಚಿದರು. ಇನ್ನೊಂದು ಕೈ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಒಂದು ಪೆಟ್ಟೂ ತಪ್ಪಲಿಲ್ಲ. ಅಲ್ಲಿ ತಪ್ಪು ಹುಡುಕುವವಳು ನಾನೇ ಇದ್ದೆನಲ್ಲ, ಹೇಳುತ್ತಿದ್ದೇನೆ.

ನಡುಕವನ್ನು ಮನೆಯಿಂದ ಓಡಿಸಲೇಬೇಕೆಂದೇನೂ ಇಲ್ಲ, ಅದಕ್ಕೊಂದು ಜಾಗ ತೋರಿಸಿದರೆ ಸಾಕು ಎಂದು ನಾನು ತತ್ತ್ವಜ್ಞಾನಿಯಾಗುತ್ತಿರುವಾಗ ಅತ್ತೆ ಬಂದರು. ಸೊಂಟದ ಮೇಲೆ ಕೈಯಿತ್ತು. ಗಂಡನನ್ನು ನೋಡಿದರು, ಸ್ಪೀಕರನ್ನು ನೋಡಿದರು. ಏನೋ ಹೇಳಲೆಂದು ದಿವಾನಿನ ಇನ್ನೊಂದು ತುದಿಯಲ್ಲಿ ಕೂತರು.

“ಅಯ್ಯ, ಇದೇನ್ರೀ ಇದು! ಕೂತ್ಕಡೆ ಕಚಗುಳಿ ಇಟ್ಟಂಗೈತೆ!”

ಮಾವ ಕಣ್ಣು ತೆರೆಯದೆಯೇ, “ಸುಮ್ಕೆ ಕೇಳು” ಎಂದರು.

ಒಳಗೆ ಕುಕ್ಕರು ಕೂಗಿತು. ಇನ್ನೊಮ್ಮೆ ಕೂಗಿತು. ಅತ್ತೆ ಏಳುವ ಲಕ್ಷಣ ಕಾಣಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.